ಬೂಟು ಹಾಕಿಕೊಂಡ ಶಾರದಾಬಾಯಿ

ಶಾರದಾಬಾಯಿಗೆ ಸಕ್ಕರೆ ಕಾಯಿಲೆ ಬಂದದ್ದು ಊರಿನಲ್ಲಿ ಸುದ್ದಿಯೇನೂ ಆಗಿರಲಿಲ್ಲ. ಅಕ್ಕಲಕೋಟದ ಸುತ್ತಿನ ಯಾವ ಹಳ್ಳಿಯ ಯಾವ ಓಣಿ ಹೊಕ್ಕರೂ ಊಟಕ್ಕೆ ಮುಂಚೆ ಗುಳಿಗೆ ನುಂಗುವವರು ಒಬ್ಬಿಬ್ಬರಾದರೂ ಇರುತ್ತಾರೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸುದ್ದಿಯಾದದ್ದು ಆಕೆಗೆ ಸೂಜಿ ಹತ್ತಿತು, ಅಂದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು ಎಂದಾಗ. ಗುಳಿಗೆ ಇದ್ದರೆ ಕಾಯಿಲೆ, ಸೂಜಿ ಹತ್ತಿದರೆ ಮುಗಿಯಿತು ಎಂಬುದು ಆ ಊರಿನ ತಿಳುವಳಿಕೆ. ಹಾಗಾಗಿ ಮಂದಿ ಆಕೆಯನ್ನು ನೋಡಲು ಬಂದರು. ಬರಿಗೈಲಿ ಬರಬಾರದೆಂದು ಕೆಲವರು ಬಾಳೆಹಣ್ಣು ತಂದರು, ಕಟ್ಟೆ ಹತ್ತಿದ ಮೇಲೆ ನೆನಪಾಗಿ ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತರು, ಹೋಗುವಾಗ ವಾಪಸು ಒಯ್ದರು. ಕುಳಿತಷ್ಟು ಹೊತ್ತೂ ಯಾರ್ಯಾರಿಗೆ ಸೂಜಿ ಹತ್ತಿತ್ತು, ಆಮೇಲೆ ಅವರ ಗತಿ ಏನಾಯಿತು ಎಂಬ ಮಾತೇ.

ಶಾರದಾಬಾಯಿಗೆ ಸಾಕಾಯಿತು. "ನಾ ಇನ್ನಾ ಹೋಗಿಲ್ಲ," ಎಂದಳು. "ನನ್ನ ನೋಡೂದಿದ್ರ ನಾಳಿ ಹೊಲಕ್ಕ ಬರ್ರಿ. ತೊಗರ್ಯಾಗ ಕಸ ಭಾಳ ಆಗ್ಯಾದ, ಜೋಡಿಲೆ ತಗಿಯೂಣು." ಮರುದಿನದಿಂದ ಯಾರೂ ಬರಲಿಲ್ಲ.

ಆಕೆಯ ಬಾಯಿಯೇ ಅಂಥದು. ತವರು ಮಂಗಳವೇಢೆ ಕಡೆಯ ನಂದೇಶ್ವರ. ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಒಗ್ಗರಣೆಯ ಎಣ್ಣೆಯನ್ನೂ ತಾನೇ ಅಳೆದು ಕೊಡುತ್ತಿದ್ದ ಹೆಂಗಸು. ಆ ಅತ್ತೆಯ ಕೈಕೆಳಗೆ ಬಾಳಿ, ಜಗಳಾಡಿ, ಕಡೆಗಾಲದಲ್ಲಿ ಆಕೆಯ ಮೈ ತೊಳೆದು ಕಳಿಸಿಕೊಟ್ಟವಳು ಶಾರದಾಬಾಯಿ. ಗಂಡ ಕಲ್ಲಣ್ಣ ಒಳ್ಳೆಯ ಮನುಷ್ಯ, ಆದರೆ ಮಾತು ಅವನಿಗೆ ಭಾರ. ನಾಲ್ಕು ಮಂದಿ ಕೂಡಿದಲ್ಲಿ ಹೂಂ ಎನ್ನಲೂ ಹಿಂದೆಮುಂದೆ ನೋಡುವವನು. ಹಾಗಾಗಿ ಯಾವ ಹೊಲಕ್ಕೆ ಜೋಳ, ಯಾವುದಕ್ಕೆ ತೊಗರಿ, ಬಾವಿಯ ಬದಿಯ ಕಬ್ಬಿಗೆ ಯಾವಾಗ ನೀರು ಎಂಬುದೆಲ್ಲ ಆಕೆಯ ಮಾತಿನ ಮೇಲೆ ನಡೆಯುತ್ತಿತ್ತು. ಕಬ್ಬು ಬೆಳೆಯುವ ಮನೆಯಾಕೆಗೇ ಸಕ್ಕರೆ ಕಾಯಿಲೆ ಎಂದು ನಗುವವರಿಗೆ ಆಕೆಯೂ ನಕ್ಕು ಕಳಿಸುತ್ತಿದ್ದಳು. ಹೊಲದಲ್ಲಿ ಓಡಾಡುವುದು ಬರಿಗಾಲಿನಲ್ಲೇ. ಎರೆಮಣ್ಣು ಅಂಗಾಲಿಗೆ ತಾಗಿದರೇನೇ ಹದ ತಿಳಿಯುವುದು ಎನ್ನುತ್ತಿದ್ದಳು.

ಸೂಜಿಯ ನೋವಿಗೆ ಆಕೆ ಅಂಜಲಿಲ್ಲ. ಕುಡುಗೋಲು ತಾಗಿದ ಕೈಗೆ ಅರಿಶಿನ ಒತ್ತಿಕೊಂಡು ಮತ್ತೆ ಕೊಯ್ಲಿಗೆ ಬಾಗಿದವಳಿಗೆ ಕೂದಲೆಳೆಯಂಥ ಸೂಜಿ ಯಾವ ಲೆಕ್ಕ. ದಣಿಸಿದ್ದು ಬೇರೆ. ಬೆಳಗೆದ್ದರೆ ಬೆರಳು ಚುಚ್ಚಿ ರಕ್ತ ನೋಡಬೇಕು. ಹೊಟ್ಟೆಗೆ ಸೂಜಿ ಹಾಕಬೇಕು. ಹಾಕಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಎಷ್ಟು ಉಣ್ಣಲಿ ಎಂದು ವಿಚಾರ ಮಾಡಬೇಕು. ಕೆಲಸ ಹೆಚ್ಚಾಗಿ ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲೆಂದು ಸೆರಗಿನ ತುದಿಗೆ ಸಕ್ಕರೆ ಕಟ್ಟಿಕೊಳ್ಳಬೇಕು. ಸಂಜೆಗೆ ಮತ್ತೆ ಮೊದಲಿನಿಂದ. ಹಬ್ಬಕ್ಕೂ ಬಿಡುವಿಲ್ಲ, ಸೂತಕಕ್ಕೂ ಬಿಡುವಿಲ್ಲ.

"ಎತ್ತಿಗಿ ಸೋಮಾರ ಸೂಟಿ ಅದ," ಎಂದು ಒಂದು ಸಂಜೆ ಕಲ್ಲಣ್ಣನ ಮುಂದೆ ಹೇಳಿದಳು. "ಅವತ್ತ ಅದರ ಹೆಗಲ ಮ್ಯಾಲ ನೊಗ ಇಡಂಗಿಲ್ಲ. ನನಗ ಯಾವ ವಾರ ಸೂಟಿ?"

ಕಲ್ಲಣ್ಣ ಎತ್ತಿಗೆ ಮೇವು ಹಾಕಲು ಎದ್ದ.

ಅದಕ್ಕಿಂತ ದೊಡ್ಡ ಕಾಟ ಮಂದಿಯ ಕಣ್ಣು. ಮದುವೆ ಮನೆಯಲ್ಲಿ ಪಂಕ್ತಿಗೆ ಕುಳಿತರೆ ಬಡಿಸುವವನು ಬುಂದಿಯ ಬುಟ್ಟಿಯನ್ನು ಆಕೆಯ ಎಲೆ ದಾಟಿಸಿ ಮುಂದೆ ಒಯ್ಯುತ್ತಿದ್ದ. ಬೇಡ ಎನ್ನಲು ಬಿಟ್ಟರೂ ಆಗುತ್ತಿತ್ತು, ಅಷ್ಟೂ ಬಿಡುತ್ತಿರಲಿಲ್ಲ. ಮಾವಿನ ಹಣ್ಣಿನ ಕಾಲದಲ್ಲಿ ಒಂದು ಹೋಳು ಎತ್ತಿಕೊಂಡರೆ ಮೂರು ಕಡೆಯಿಂದ ಮೂರು ಜನ ಕೆಮ್ಮುತ್ತಿದ್ದರು. ಮಗ ಯುವರಾಜ ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಹನಿ ನೀರಾವರಿ ಪೈಪುಗಳ ಅಂಗಡಿ ಇಟ್ಟಿದ್ದ, ಅಲ್ಲೇ ಮೇಲೆ ಮನೆ. ಅವನ ಹೆಂಡತಿ ಸ್ನೇಹಲ ಬಾರ್ಶಿ ಕಡೆಯ ಮರಾಠಿ ಮಾತಿನ ಮನೆಯ ಹುಡುಗಿ, ಮದುವೆಯಾದ ಮೇಲೆ ಕನ್ನಡ ಕಲಿತವಳು. ದಿನ ಬೆಳಗಾದರೆ ಆಕೆಯ ಫೋನು. "ಅವ್ವಾ, ಆಜ ಕಿತಿ?" ಇವತ್ತು ಎಷ್ಟು ಬಂತು ಎಂದು. ನಿದ್ದೆ ಬಂತೇ, ಮಳೆಯಾಯಿತೇ, ಆಕಳು ಈಯಿತೇ, ಯಾವುದೂ ಇಲ್ಲ. ಸಾಲಿಯಲ್ಲಿ ಮಾಸ್ತರರು ಮಾರ್ಕು ಕೇಳಿದ ಹಾಗೆ ಒಂದೇ ಪ್ರಶ್ನೆ. ಕಡಿಮೆ ಬಂದ ದಿನ ಶಾರದಾಬಾಯಿ ಗಟ್ಟಿಯಾಗಿ ಹೇಳುತ್ತಿದ್ದಳು. ಹೆಚ್ಚು ಬಂದ ದಿನ ನೆಟ್‌ವರ್ಕ್ ಇಲ್ಲ ಎಂದು ಫೋನು ಇಡುತ್ತಿದ್ದಳು. ಇಟ್ಟ ಮೇಲೆ ತನ್ನ ಮೇಲೇ ಹೇಸಿಕೆ. ಜನ್ಮದಲ್ಲಿ ಸುಳ್ಳಿಗೆ ಕೈ ಹಾಕದ ತಾನು ಒಂದು ಅಂಕಿಗೆ ಅಂಜಿ ಸುಳ್ಳಾಡುವಂತಾಯಿತಲ್ಲ ಎಂದು.

ಇಷ್ಟಿದ್ದೂ ಒಂದು ತಿಂಗಳು ಹಟ ಹಿಡಿದು ಪಥ್ಯ ಮಾಡಿದಳು. ಅನ್ನ ಬಿಟ್ಟಳು, ಚಹಾಕ್ಕೆ ಸಕ್ಕರೆ ಬಿಟ್ಟಳು, ಶ್ರಾವಣದ ಹೋಳಿಗೆಯನ್ನು ಮಾಡಿ ಎಲ್ಲರಿಗೂ ಬಡಿಸಿ ತಾನು ಕಟ್ಟಿನ ಸಾರು, ರೊಟ್ಟಿ ಉಂಡಳು. ಈ ಸಲ ಡಾಕ್ಟರು ಮೆಚ್ಚುತ್ತಾರೆ ಎಂದು ಹಬ್ಬದ ಸೀರೆ ಉಟ್ಟುಕೊಂಡೇ ಸೋಲಾಪುರಕ್ಕೆ ಹೋದಳು. ರಿಪೋರ್ಟು ಮೊದಲಿಗಿಂತ ಕೆಟ್ಟದಾಗಿತ್ತು. ಡಾಕ್ಟರು ಕಾಗದದಿಂದ ತಲೆ ಎತ್ತದೆ, ಸುಳ್ಳು ಹೇಳಬೇಡಿ ಮಾವಶಿ, ಬಾಯಿ ಕಟ್ಟದೆ ಇದು ಇಳಿಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಮುಂದಿನವರನ್ನು ಕರೆದರು. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಅಕ್ಕಲಕೋಟದ ಬಸ್ಸಿನಲ್ಲಿ ಶಾರದಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಕಲ್ಲಣ್ಣ ಪಕ್ಕದಲ್ಲಿ ಶೇಂಗಾದ ಪೊಟ್ಟಣ ಹಿಡಿದುಕೊಂಡಿದ್ದ, ಬಿಚ್ಚಲಿಲ್ಲ.

ಅದೇ ವಾರ ಕಲ್ಲಣ್ಣನ ಅಕ್ಕ ಸಾವಿತ್ರಿಬಾಯಿ ಬಂದಳು. ಅಕ್ಕಲಕೋಟದಲ್ಲೇ ಆಕೆಯ ಮನೆ, ಗುರುವಾರ ತಪ್ಪದೆ ಸ್ವಾಮಿಗಳ ದರ್ಶನಕ್ಕೆ ಹೋಗುವವಳು, ಸುತ್ತಲಿನ ಮೂರು ತಾಲೂಕಿನ ಸುದ್ದಿ ಬಲ್ಲವಳು. ಯಾರೋ ನಾಟಿ ಔಷಧದವನು ಕೊಟ್ಟ ಕಹಿ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಇದನ್ನು ಹೊಟ್ಟೆಗೆ ತಗೊಂಡು ಸೂಜಿ ಬಿಡು, ರಕ್ತ ತಾನೇ ತಿಳಿಯಾಗುತ್ತದೆ ಎಂದಳು. ಶಾರದಾಬಾಯಿ ದಡ್ಡಳಲ್ಲ. ಪುಡಿಯಲ್ಲಿ ಆಕೆಗೆ ನಂಬಿಕೆ ಹುಟ್ಟಲಿಲ್ಲ. ಆದರೆ ಬಿಡಲು ಒಂದು ನೆವ ಬೇಕಿತ್ತು. ನೆವ ಮನೆಯ ಬಾಗಿಲಿಗೇ ಬಂದಿತ್ತು. ಮರುದಿನ ಬೆಳಿಗ್ಗೆ ಬೆರಳು ಚುಚ್ಚುವ ಡಬ್ಬಿಯನ್ನು ಟ್ರಂಕಿನ ತಳಕ್ಕೆ ಹಾಕಿ, ಕಲ್ಲಣ್ಣನಿಗೆ ಎದುರೆದುರೇ ಹೇಳಿದಳು, "ಇವತ್ತಿಂದ ಇಲ್ಲ. ಯುವರಾಜಗ ಹೇಳಿದ್ರಿ ಅಂದ್ರ ನಾ ನಂದೇಶ್ವರಕ್ಕ ಹೋಗಾಕಿ."

ಆ ಚಳಿಗಾಲ ಶಾರದಾಬಾಯಿಗೆ ಹಗುರವಾಗಿತ್ತು. ಎದ್ದರೆ ನೇರ ದನದ ಕೊಟ್ಟಿಗೆಗೆ. ಹಸಿದಾಗ ಊಟ. ಮದುವೆಯೊಂದರಲ್ಲಿ ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡಳು, ಬಡಿಸುವವನ ಮುಖ ನೋಡುತ್ತಲೇ ಉಂಡಳು. ಫೋನಿನಲ್ಲಿ ಸ್ನೇಹಲಳಿಗೆ ಬಾಯಿಗೆ ಬಂದ ಅಂಕಿ ಹೇಳಿದಳು. ನೀರಡಿಕೆ ಹೆಚ್ಚಾಯಿತು, ಕುಪ್ಪಸ ಸಡಿಲಾಯಿತು. ಜೋಳದ ರಾಶಿಯ ಕೆಲಸ ಇದ್ದರೆ ಹಾಗೆಯೇ ಎಂದುಕೊಂಡಳು. ಮೈ ಇಳಿದದ್ದನ್ನು ನೋಡಿ ಪುಡಿ ಹತ್ತಿದೆ ಎಂದು ಸಾವಿತ್ರಿಬಾಯಿ ಊರ ತುಂಬ ಹೇಳಿದಳು.

ಜೋಳ ಕೊಯ್ದ ಹೊಲದಲ್ಲಿ ಕೂಳೆ ನಿಂತಿರುತ್ತದೆ, ಚೂಪಾಗಿ, ಕಬ್ಬಿಣದ ಮೊಳೆಯ ಹಾಗೆ. ಹೋಳಿಯ ಹತ್ತಿರ ಒಂದು ಮಧ್ಯಾಹ್ನ ಶಾರದಾಬಾಯಿ ಹೊಲದಿಂದ ಬಂದು ನೀರು ಕುಡಿದು ಪಡಸಾಲೆಯಲ್ಲಿ ಹಾದುಹೋದಳು. ಹಿಂದಿನಿಂದ ಕಲ್ಲಣ್ಣ, "ಇದೇನಿದು, ಕುಂಕುಮ ಚೆಲ್ಯಾದೇನ?" ಎಂದ. ಬಿಳಿ ಫರಸಿ ನೆಲದ ಮೇಲೆ ಬಾಗಿಲಿನಿಂದ ಒಲೆಯವರೆಗೆ ಕೆಂಪು ಹೆಜ್ಜೆಗಳಿದ್ದವು, ಎಡಗಾಲಿನವು ಮಾತ್ರ. ಆಕೆ ಕುಳಿತು ಕಾಲು ತಿರುಗಿಸಿ ನೋಡಿದಳು. ಕಿರುಬೆರಳಿನ ಬುಡದಲ್ಲಿ ಕೂಳೆಯ ತುಂಡು ಮುರಿದು ಒಳಗೇ ನಿಂತಿತ್ತು. ಆಕೆಗೆ ಏನೂ ತಿಳಿದಿರಲಿಲ್ಲ. ನೋಯದ ಆ ಕಾಲನ್ನು ಕೈಯಲ್ಲಿ ಹಿಡಿದುಕೊಂಡು, ಇದು ಯಾರ ಕಾಲು ಎಂದು ಕೇಳುವವಳ ಹಾಗೆ ನೋಡಿದಳು. ಆಕೆ ತನ್ನ ಮೈಗೇ ಮೊದಲ ಸಲ ಅಂಜಿದ್ದು ಅವತ್ತು.

ಅಂಜಿದರೂ ಅರಿಶಿನ ಹಚ್ಚಿ ಕಟ್ಟಿದಳೇ ಹೊರತು ಹೇಳಲಿಲ್ಲ. ಬೆರಳು ಕಪ್ಪಾಗಿ, ಪಾದ ಬಾತು, ಜ್ವರ ಬಂದ ಮೇಲೆ ಕಲ್ಲಣ್ಣನೇ ಮಗನಿಗೆ ಫೋನು ಮಾಡಿದ. ಹೆಂಡತಿಯ ಮಾತು ಮೀರಿ ಅವನು ಮಾಡಿದ ಮೊದಲ ಕೆಲಸ ಅದು. ಸೋಲಾಪುರದ ದವಾಖಾನೆಯಲ್ಲಿ ಪಾದ ಉಳಿಸಬೇಕೆಂದು ಬೆರಳು ತೆಗೆದರು. ಎಚ್ಚರವಾದಾಗ ಶಾರದಾಬಾಯಿ ನರ್ಸಿಗೆ ಕೇಳಿದ್ದು ಒಂದೇ, ಅದನ್ನು ಎಲ್ಲಿ ಹಾಕಿದಿರಿ ಎಂದು. ನರ್ಸು ಹುಡುಗಿ ಚಿಕ್ಕವಳು, ಚಾದರ ಸರಿಪಡಿಸಿದಳು.

ನೋಡಲು ಬಂದವರೆಲ್ಲ ಬೈದರು. ಯುವರಾಜ ಅಳುತ್ತಲೇ ಬೈದ. ಸಾವಿತ್ರಿಬಾಯಿ ಹಾಸಿಗೆಯ ಪಕ್ಕ ಕುಳಿತು, ಪುಡಿಯ ಜೊತೆ ಪಥ್ಯ ಸರಿ ಮಾಡಿರಲಿಕ್ಕಿಲ್ಲ ಎಂದಳು. ಶಾರದಾಬಾಯಿ ಗೋಡೆಯ ಕಡೆ ತಿರುಗಿದಳು. ಬೆರಳಿಗಾಗಿ ಆಕೆ ಅಳಲಿಲ್ಲ. ತನ್ನ ಮೈ, ತನ್ನ ತಾಟು, ತನ್ನ ಕಾಲು ಎಲ್ಲವೂ ಮಂದಿಯ ಕೈಗೆ ಹೋಯಿತಲ್ಲ ಎಂಬುದಕ್ಕೆ ಅತ್ತಳು.

ಗಾಯ ಮಾಯುವ ತನಕ ಮಗನ ಮನೆಯಲ್ಲೇ ಇರಬೇಕಾಯಿತು. ಪಟ್ಟಿ ಬದಲಿಸಲು ಹೋಗುವ ಕಡೆ ಬೇರೆ ಒಬ್ಬ ಡಾಕ್ಟರಬಾಯಿ ಇದ್ದರು, ನಡುವಯಸ್ಸು, ವಿಜಾಪುರ ಕಡೆಯ ಕನ್ನಡ. ಎರಡನೆಯ ಸಲ ಹೋದಾಗ ಪಟ್ಟಿ ಬಿಚ್ಚುತ್ತ, ಯಾವ ಪೀಠಿಕೆಯೂ ಇಲ್ಲದೆ, "ಈ ಸೂಜಿ, ಈ ಪಥ್ಯ, ಬ್ಯಾಸರಾಗ್ಯಾದೇನ್ರಿ?" ಎಂದು ಕೇಳಿದರು.

ಶಾರದಾಬಾಯಿಯನ್ನು ಇಷ್ಟು ವರ್ಷದಲ್ಲಿ ಯಾರೂ ಆ ಮಾತು ಕೇಳಿರಲಿಲ್ಲ. "ಬ್ಯಾಸರ ಅಲ್ರಿ," ಎಂದಳು. "ಸಿಟ್ಟು."

"ಯಾರ ಮ್ಯಾಲ?"

ಆಕೆ ಹೇಳಿದಳು. ಕೆಮ್ಮುವವರ ಮೇಲೆ, ಬುಂದಿ ದಾಟಿಸುವವನ ಮೇಲೆ, ಮುಂಜಾನೆಯ ಫೋನಿನ ಮೇಲೆ, ಬಾಯಿ ಕಟ್ಟಿದ ಮೇಲೂ ಏರಿ ಕುಳಿತ ಅಂಕಿಯ ಮೇಲೆ, ಸುಳ್ಳಿ ಎಂದ ಡಾಕ್ಟರನ ಮೇಲೆ, ಹೇಳದೆ ಕೇಳದೆ ಬಂದು ಮೈಯಲ್ಲಿ ಮನೆ ಮಾಡಿದ ಈ ಕಾಯಿಲೆಯ ಮೇಲೆ. ಹೊರಗೆ ಸಾಲು ಬೆಳೆಯುತ್ತಿತ್ತು, ಡಾಕ್ಟರಬಾಯಿ ಅವಸರ ಮಾಡಲಿಲ್ಲ. ಹುಣ್ಣು, ಜ್ವರ, ಚಿಂತೆ, ಕೆಟ್ಟ ನಿದ್ದೆ, ಎಲ್ಲದಕ್ಕೂ ಆ ಅಂಕಿ ಏರುತ್ತದೆ, ಉಂಡದ್ದಕ್ಕೆ ಮಾತ್ರ ಅಲ್ಲ ಎಂದರು. ಪಥ್ಯ ಮಾಡಿಯೂ ಏರಿದರೆ ಸೂಜಿಯ ಅಳತೆ ಬದಲಿಸುವುದು ನಮ್ಮ ಕೆಲಸ, ಅದರಲ್ಲಿ ನಿಮ್ಮ ತಪ್ಪಿಲ್ಲ ಎಂದರು. ಹೊಸ ಪಟ್ಟಿ ಸುತ್ತಿ ಗಂಟು ಹಾಕುವಾಗ, "ಸಿಟ್ಟ ಇರ್ಲಿ, ಛಲೋನೇ ಅದ," ಎಂದರು. "ಆದ್ರ ಅದನ್ನ ಔಷಧದ ಮ್ಯಾಲ ತೀರಿಸಬ್ಯಾಡ್ರಿ. ಔಷಧ ನಿಮ್ಮ ಕಡಿ ಅದ."

ಮನೆಗೆ ಬಂದು ಶಾರದಾಬಾಯಿ ಬಹಳ ಹೊತ್ತು ಗ್ಯಾಲರಿಯಲ್ಲಿ ಕುಳಿತಳು. ಕೆಳಗೆ ವಿಜಾಪುರ ರಸ್ತೆಯ ಗಾಡಿಗಳು ಹರಿಯುತ್ತಿದ್ದವು. ಔಷಧ ನನ್ನ ಕಡೆ ಇದೆ ಎಂಬ ಮಾತನ್ನು ತಿರುವಿ ತಿರುವಿ ನೋಡಿದಳು. ಇಷ್ಟು ದಿನ ಸೂಜಿಯನ್ನು ಮಂದಿಯ ಮಾತಿನ ಹಾಗೆ ಮೈಮೇಲೆ ಹೇರಿದ್ದು ಎಂದುಕೊಂಡಿದ್ದಳು. ಸೂಜಿ ಬಿಟ್ಟಾಗ ತಾನು ಗೆದ್ದೆ ಎಂದುಕೊಂಡಿದ್ದಳು. ಗೆದ್ದದ್ದು ಯಾರು ಎಂಬುದು ಪಟ್ಟಿ ಸುತ್ತಿದ ಕಾಲು ಹೇಳುತ್ತಿತ್ತು.

ಕೆಲವು ದಿನಗಳ ಮೇಲೆ ಕಟ್ಟಿನ ಸಾರಿಗೆ ಹಾಕಲು ಚೂರು ಬೆಲ್ಲ ಬೇಕಾಗಿ ಅಡುಗೆಮನೆಯಲ್ಲಿ ಹುಡುಕಿದಳು. ಬೆಲ್ಲ, ಸಕ್ಕರೆ, ಮೊಮ್ಮಗಳ ಬಿಸ್ಕೀಟು, ಎಲ್ಲವೂ ಮೇಲಿನ ಕಪಾಟಿನಲ್ಲಿ ಇದ್ದವು, ಕಪಾಟಿಗೆ ಬೀಗ. ಸ್ನೇಹಲ ಒಳಗೆ ಬಂದವಳು ಅತ್ತೆಯ ಕೈ ಬೀಗದ ಮೇಲಿರುವುದನ್ನು ಕಂಡು ನಿಂತುಬಿಟ್ಟಳು.

"ನನ್ನ ಸಲುವಾಗಿ ಹಾಕೀದಿ?" ಎಂದಳು ಶಾರದಾಬಾಯಿ.

ಸ್ನೇಹಲ ಅಲ್ಲ ಎನ್ನಲಿಲ್ಲ. ಒಲೆಯ ಕಟ್ಟೆಗೆ ಒರಗಿ ನಿಂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ತನ್ನ ತಾಯಿಯ ಕತೆ ಹೇಳಿದಳು. ಆಕೆಗೂ ಇದೇ ಕಾಯಿಲೆ. ಮನೆಯವರು ಬೈದಷ್ಟೂ ಕದ್ದು ತಿನ್ನುತ್ತಿದ್ದಳು, ಗೋಧಿಯ ಡಬ್ಬಿಯಲ್ಲಿ ಪೇಢೆ ಮುಚ್ಚಿಡುತ್ತಿದ್ದಳು. ಮೊದಲು ಕಣ್ಣು ಹೋದವು, ಆಮೇಲೆ ಕಿಡ್ನಿ. ಸ್ನೇಹಲಳ ಮದುವೆಯಲ್ಲಿ ಅಕ್ಷತೆ ಹಾಕುವಾಗ ಮಗಳು ಎಲ್ಲಿ ನಿಂತಿದ್ದಾಳೆ ಎಂದು ಪಕ್ಕದವರನ್ನು ಕೇಳಿದ್ದಳು. "ದಿನಾ ಮುಂಜಾನಿ ನಿಮಗ ಫೋನ್ ಹಚ್ಚೂವಾಗ ನನ್ನ ಎದಿ ಹೊಡ್ಕೋತದ, ಅವ್ವಾ," ಎಂದಳು.

ಶಾರದಾಬಾಯಿ ಸೊಸೆಯ ಹೆಗಲ ಮೇಲೆ ಕೈ ಇಟ್ಟಳು. ಆದರೆ ಹೇಳಬೇಕಾದ್ದನ್ನು ಬಿಡಲಿಲ್ಲ. "ನಿಮ್ಮ ಆಯಿನ ಕಾಯ್ದಂಗ ನನ್ನ ಕಾಯಬ್ಯಾಡ. ಬೀಗ ಹಾಕಿದ ಮನ್ಯಾಗೇ ಕಳ್ಳರು ಹುಟ್ಟತಾರ. ನನ್ನ ಕಳ್ಳಿ ಮಾಡಬ್ಯಾಡವಾ. ಮುಂಜಾನಿ ಫೋನ್ ಮಾಡು, ಹೆಂಗಿದ್ದೀರಿ ಅಂತ ಕೇಳು. ಎಷ್ಟದ ಅಂತ ಕೇಳಬ್ಯಾಡ. ಕೆಟ್ಟ ಇತ್ತಂದ್ರ ನಾನೇ ಹೇಳ್ತೀನಿ. ಇನ್ ಮ್ಯಾಲ ಸುಳ್ಳ ಹೇಳಂಗಿಲ್ಲ, ಇದು ನನ್ನ ಮಾತು."

ಸ್ನೇಹಲ ಕುಂಕುಮದ ಬಟ್ಟಲಿನ ಹಿಂದೆ ಇಟ್ಟಿದ್ದ ಕೀಲಿ ತೆಗೆದು ಕೊಟ್ಟಳು. ಶಾರದಾಬಾಯಿ ಕಪಾಟು ತೆರೆದು ಸಾರಿಗೆ ಬೇಕಾದಷ್ಟು ಬೆಲ್ಲ ಒಡೆದುಕೊಂಡು, ಬಾಗಿಲು ಹಾಗೆಯೇ ಬಿಟ್ಟಳು.

ಮೃಗಶಿರ ಮಳೆ ಕೂಡಿತು. ಊರಿಗೆ ಹೊರಟೆ ಎಂದಾಗ ಯುವರಾಜ ಅಡ್ಡ ನಿಂತ. ಇನ್ನು ಹೊಲದ ಹೆಸರು ಎತ್ತುವ ಹಾಗಿಲ್ಲ, ಕೂತು ಉಣ್ಣಲಿ, ಟಿವಿ ನೋಡಲಿ, ಹೊಲವನ್ನು ಪಾಲಿಗೆ ಹಾಕಿದರಾಯಿತು ಎಂದ. ಪ್ರೀತಿಯಿಂದಲೇ ಅಂದ ಮಾತು. ಶಾರದಾಬಾಯಿ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಒಂದು ಬೆರಳ ತಗೊಂಡಾದ ಈ ಕಾಯಿಲಿ," ಎಂದಳು. "ಹೊಲಾನೂ ನೀವೇ ತಗದು ಅದರ ಕೈಯಾಗ ಕೊಡಾಕತ್ತೀರೇನಪಾ? ಕೊಡಂಗಿಲ್ಲ ನಾ."

ಹೋಗುವ ಮುಂಚೆ ಸ್ನೇಹಲಳನ್ನು ಕರೆದುಕೊಂಡು ನವಿ ಪೇಟೆಗೆ ಹೋದಳು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಮುಂದೆ ಅಗಲವಾದ, ಒಳಗೆ ಮೆತ್ತಗಿನ, ಪೂರ್ತಿ ಮುಚ್ಚಿದ ಜೋಡು ಬೇಕು ಎಂದು ಡಾಕ್ಟರಬಾಯಿ ಹೇಳಿದ್ದರು. ಅಂಗಡಿಯವನು ಹೆಂಗಸರ ಚಪ್ಪಲಿಗಳನ್ನು ಒಂದೊಂದಾಗಿ ತೋರಿಸಿದ. ಆಕೆ ಅವುಗಳ ಕಡೆ ನೋಡದೆ ಗಂಡಸರ ಸಾಲಿನಿಂದ ಒಂದು ಕಪ್ಪು ಬೂಟು ಇಳಿಸಿದಳು, ಅಗಲ ಮೂತಿಯದು. ಕಾಲುಚೀಲ ಏರಿಸಿ ಹಾಕಿಕೊಂಡು ಅಂಗಡಿಯ ತುಂಬ ನಡೆದಳು. ಇಳಕಲ್ ಸೀರೆಯ ಅಂಚಿನ ಕೆಳಗೆ ಬೂಟು. ಸ್ನೇಹಲ ನಗು ತಡೆಯಲು ಹೋಗಿ ಆಗದೆ ನಕ್ಕಳು, ಅತ್ತೆಯೂ ನಕ್ಕಳು.

ಊರು ಇನ್ನೂ ಜೋರಾಗಿ ನಕ್ಕಿತು. ಶಾರದಾಬಾಯಿ ಪೊಲೀಸ್ ಭರ್ತಿಗೆ ಹೊರಟಿದ್ದಾಳೆ ಎಂದರು. ಬೆಳಿಗ್ಗೆ ಬೂಟು ಝಾಡಿಸಿ ಒಳಗೆ ಕೈ ಹಾಕಿ ನೋಡಿ, ಕಟ್ಟೆಯ ಮೇಲೆ ಕುಳಿತು ಲಾಡಿ ಕಟ್ಟುವುದನ್ನು ನೋಡಲೆಂದೇ ಮಂದಿ ಹಾದುಹೋಗುತ್ತಿದ್ದರು. ಅದೇ ಕಟ್ಟೆಯ ಮೇಲೆ ಆಕೆ ಸೂಜಿಯನ್ನೂ ಹಾಕಿಕೊಂಡಳು. ಮೊದಲೆಲ್ಲ ಅಡುಗೆಮನೆಯ ಬಾಗಿಲು ಮುಚ್ಚಿ, ಗೋಡೆಗೆ ಮುಖ ಮಾಡಿ ಹಾಕಿಕೊಳ್ಳುತ್ತಿದ್ದಳು. ಈಗ ಸೆರಗು ಸರಿಸಿ, ಕುಪ್ಪಸದ ಕೆಳಗೆ ಒಂದು ಚಿಟಿಕೆ ಚರ್ಮ ಹಿಡಿದು, ಹಾದುಹೋಗುವವರ ಜೊತೆ ಮಾತಾಡುತ್ತಲೇ ಹಾಕುತ್ತಿದ್ದಳು. ಕರೆಂಟಿನ ಭರವಸೆ ಇಲ್ಲದ್ದರಿಂದ ಔಷಧದ ಬಾಟಲಿಗಳನ್ನು ಒದ್ದೆ ಉಸುಕು ತುಂಬಿದ ಗಡಿಗೆಯೊಳಗೆ ಇನ್ನೊಂದು ಸಣ್ಣ ಗಡಿಗೆ ಇಟ್ಟು ಅದರಲ್ಲಿ ತಂಪಾಗಿ ಇಟ್ಟಿದ್ದಳು. ಅದನ್ನೂ ಕೇಳಿದವರಿಗೆಲ್ಲ ತೆರೆದು ತೋರಿಸಿದಳು.

ಸಂಜೆ ಪಾದ ನೋಡಬೇಕಿತ್ತು, ಗೀರು, ಬೊಕ್ಕೆ ಏನಾದರೂ ಎದ್ದಿದೆಯೇ ಎಂದು. ಬಾಗಿ ಅಂಗಾಲು ಕಾಣುವಷ್ಟು ಆಕೆಯ ಬೆನ್ನು ಮಣಿಯುತ್ತಿರಲಿಲ್ಲ. ಮೊದಲ ದಿನ ಒದ್ದಾಡುವುದನ್ನು ನೋಡಿ ಕಲ್ಲಣ್ಣ ಎದುರಿಗೆ ಕುಳಿತು, ಆಕೆಯ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಶಾರದಾಬಾಯಿ ಬೆಚ್ಚಿ ಹಿಂದಕ್ಕೆ ಎಳೆದುಕೊಂಡಳು. ಗಂಡನ ಮೈಗೆ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವ ಮನೆ ಅದು. ಕಲ್ಲಣ್ಣ ಮತ್ತೆ ಎಳೆದುಕೊಂಡು ಬೆಳಕಿಗೆ ತಿರುಗಿಸಿ, ಬೆರಳಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅಂದಿನಿಂದ ಅದು ಅವನ ಕೆಲಸವಾಯಿತು. ಒಮ್ಮೆ ಹೇಳದೆ ಬಂದ ಸಾವಿತ್ರಿಬಾಯಿ ತಮ್ಮನ ತೊಡೆಯ ಮೇಲೆ ಅವನ ಹೆಂಡತಿಯ ಕಾಲು ಕಂಡು ಚಹಾ ಕುಡಿಯದೆ ಹೋದಳು.

ಆ ಸಿಟ್ಟು ಎಳ್ಳಮಾವಾಸ್ಯೆಯ ದಿನ ಹೊರಬಿತ್ತು. ಆ ದಿನ ಊರೆಲ್ಲ ಹೊಲದಲ್ಲೇ. ಜೋಳದ ಕಣಿಕೆಯ ಸಣ್ಣ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಭೂಮಿತಾಯಿಗೆ ಉಣಿಸಲು ಚರಗ ಚೆಲ್ಲಬೇಕು, ಅಂದರೆ ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ ಎರಚುತ್ತ ಹೋಗಬೇಕು. ಬಸುರಿಯಾದ ಭೂಮಿಯ ಬಯಕೆ ಊಟ ಅದು. ಯುವರಾಜ, ಸ್ನೇಹಲ ಬಂದಿದ್ದರು. ಸಾವಿತ್ರಿಬಾಯಿಯ ಮನೆಯವರೆಲ್ಲ ಬಂದಿದ್ದರು, ಪಕ್ಕದ ಹೊಲದ ಬಂಡೆಪ್ಪನೂ ಇದ್ದ. ಜೋಳ ಎದೆಯೆತ್ತರ ನಿಂತು ತೆನೆ ಕಟ್ಟುತ್ತಿತ್ತು. ಎಲ್ಲರೂ ಬದುವಿನಲ್ಲಿ ಚಪ್ಪಲಿ ಬಿಟ್ಟರು. ಶಾರದಾಬಾಯಿ ಚರಗದ ಬುಟ್ಟಿಗೆ ಕೈ ಚಾಚಿದಳು, ಬೂಟಿನಲ್ಲೇ.

ಸಾವಿತ್ರಿಬಾಯಿ ತಡೆದಳು. ಇಂಥ ದಿನ ಚಮ್ಮಾವುಗೆ ಮೆಟ್ಟಿ ಹೊಲ ಹೊಕ್ಕರೆ ಭೂಮಿತಾಯಿ ಸುಮ್ಮನಿರುವುದಿಲ್ಲ, ಈ ಮನೆಯಲ್ಲಿ ಆಗುವುದೆಲ್ಲ ಆಗಿ ಹೋಯಿತು, ಇದೊಂದಾದರೂ ಉಳಿಯಲಿ ಎಂದಳು. ಬೂಟು ಬಿಡುವುದಾಗದಿದ್ದರೆ ಬುಟ್ಟಿ ಬೇರೆಯವರಿಗೆ ಕೊಡಲಿ ಎಂದಳು. ಸ್ನೇಹಲ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಶಾರದಾಬಾಯಿಯ ದನಿ ಏರಲಿಲ್ಲ. "ಅಕ್ಕಾರ, ಈ ಹೊಲಕ್ಕ ನಾ ಒಂದು ಬೆರಳ ಕೊಟ್ಟೀನಿ. ಭೂಮಿತಾಯಿಗಿ ಅದು ಗೊತ್ತದ. ನನ್ನ ಬೂಟಿಗಿ ಆಕಿ ಸಿಟ್ಟಾಗಂಗಿಲ್ಲ. ಆದ್ರೂ ಆಗ್ತಾಳಂದ್ರ, ಆಗ್ಲಿ, ಆಕಿ ನಾನು ಮಾತಾಡ್ಕೋತೀವಿ."

ಸಾವಿತ್ರಿಬಾಯಿ ತಮ್ಮನ ಕಡೆ ನೋಡಿದಳು. ಕಲ್ಲಣ್ಣ ಬುಟ್ಟಿಯ ಹತ್ತಿರ ಇದ್ದ. ಅದನ್ನು ಎರಡೂ ಕೈಯಿಂದ ಎತ್ತಿ ಹೆಂಡತಿಯ ಕೈಗೆ ಕೊಟ್ಟು, "ನಡಿ, ಹೊತ್ತ ಏರಾಕತ್ತದ," ಎಂದ. ಆಕೆ ಜೋಳದ ಸಾಲಿಗೆ ಇಳಿದಳು. ಚರಗದ ಕೂಗು ಆಕೆಯದೇ ಮೊದಲು ಎದ್ದಿತು. ಗಂಡಸರು ಹಿಂದಿನಿಂದ ದನಿಗೂಡಿಸಿದರು. ಎರೆಮಣ್ಣಿನಲ್ಲಿ ಅಗಲವಾದ ಬೂಟಿನ ಗುರುತು ಬೀಳುತ್ತ ಹೋಯಿತು, ಅದರ ಪಕ್ಕದಲ್ಲಿ ಕಲ್ಲಣ್ಣನ ಬರಿಗಾಲಿನದು.

ಊಟಕ್ಕೆ ಎಲ್ಲರೂ ಬೇವಿನ ನೆರಳಿಗೆ ಕುಳಿತಾಗ ಆಕೆ ಚೀಲದಿಂದ ಔಷಧ ತೆಗೆದು, ಹಬ್ಬದ ಊಟಕ್ಕೆ ಎಷ್ಟು ಬೇಕೆಂದು ಮೊದಲೇ ಡಾಕ್ಟರಬಾಯಿಯನ್ನು ಕೇಳಿ ತಿಳಿದುಕೊಂಡಿದ್ದ ಅಳತೆಯ ಸೂಜಿ ಹಾಕಿಕೊಂಡಳು. ತಾಟಿಗೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಮೊಸರು, ಕಡೆಗೆ ಒಂದೇ ಒಂದು ಶೇಂಗಾ ಹೋಳಿಗೆ ಹಾಕಿಕೊಂಡಳು. ಸಾವಿತ್ರಿಬಾಯಿಯ ಮಗನೊಬ್ಬ ರೂಢಿಯಂತೆ ಕೆಮ್ಮಿದ. ಶಾರದಾಬಾಯಿ ಹೋಳಿಗೆ ಮುರಿಯುತ್ತ ಅವನಿಗೆ ನೀರಿನ ತಂಬಿಗೆ ದೂಡಿದಳು. "ಕುಡಿಯಪಾ. ನನ್ನ ತಾಟ ನಾ ನೋಡ್ಕೋತೀನಿ." ಆ ಹೋಳಿಗೆಯನ್ನು ಆಕೆ ಅವಸರವಿಲ್ಲದೆ ತಿಂದಳು. ಹಟಕ್ಕೆ ತಿಂದ ಹುಗ್ಗಿಯಲ್ಲಿ ಇಂಥ ರುಚಿ ಇರಲಿಲ್ಲ ಎಂದು ಆಮೇಲೆ ಸ್ನೇಹಲಳಿಗೆ ಹೇಳಿದಳು.

ಇದಾದ ಮೇಲೆ ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಕಾಯಿಲೆ ಇದ್ದಲ್ಲೇ ಇದೆ. ಕೆಲವು ದಿನ ಎಲ್ಲ ಸರಿ ಮಾಡಿದರೂ ಅಂಕಿ ಏರಿ ಕೂರುತ್ತದೆ. ಆಗ ಶಾರದಾಬಾಯಿ ಅದಕ್ಕೆ ನಂದೇಶ್ವರದ ಶುದ್ಧ ಬೈಗುಳ ಬೈದು, ಮುಂದಿನ ಕೆಲಸಕ್ಕೆ ಏಳುತ್ತಾಳೆ. ಸ್ನೇಹಲಳಿಗೆ ತಾನೇ ಫೋನು ಮಾಡಿ ಹೇಳುತ್ತಾಳೆ. ಕೆಲವು ಬೆಳಗು ಅದೂ ಆಗುವುದಿಲ್ಲ. ಹಾಸಿಗೆಯಲ್ಲೇ ಕುಳಿತು, ಇವತ್ತು ನನ್ನಿಂದಾಗದು ಎನ್ನುತ್ತಾಳೆ. ಅಂಥ ದಿನಕ್ಕೆಂದು ಗಂಡ ಹೆಂಡತಿ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಬೆರಳು ಚುಚ್ಚುವುದು, ಅಂಕಿ ನೋಡುವುದು, ಸೂಜಿ ತುಂಬಿ ಹಾಕುವುದು, ಎಲ್ಲ ಕಲ್ಲಣ್ಣನದು. ಆಕೆ ಕೈ ಚಾಚಿ ಕಿಟಕಿಯ ಆಚೆ ನೋಡುತ್ತ ಕೂರುತ್ತಾಳೆ. ಎಷ್ಟು ಎಂದು ಅವನು ಹೇಳುವ ಹಾಗಿಲ್ಲ, ಆಕೆ ಕೇಳುವ ಹಾಗಿಲ್ಲ. ಇದು ನನ್ನ ಸೋಮವಾರ ಎನ್ನುತ್ತಾಳೆ ಆಕೆ, ಅದು ಯಾವ ವಾರವಾದರೂ ಸರಿ.

ಮೊನ್ನೆ ಸಂಜೆ ಬಂಡೆಪ್ಪ ಬಂದಿದ್ದ. ಒಂದು ಕಾಲದಲ್ಲಿ ಕುಸ್ತಿ ಆಡಿದ ಆಳು, ಮೀಸೆಯ ಮೇಲೆ ಇನ್ನೂ ಕೈ. ಎಮ್ಮೆಯ ಮಾತು, ಮಳೆಯ ಮಾತು ಎಲ್ಲ ಮುಗಿದ ಮೇಲೆ, ಆ ಬೂಟು ಎಲ್ಲಿ ಸಿಗುತ್ತದೆ, ಯಾರೋ ಗುರುತಿನವರು ಕೇಳುತ್ತಿದ್ದರು ಎಂದ. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಇದೆಯಂತೆ, ಮನೆಯಲ್ಲಿ ಹೇಳಿಲ್ಲವಂತೆ, ಈಚೆಗೆ ಕಾಲು ಜೋಮು ಹಿಡಿಯುತ್ತದಂತೆ.

ಶಾರದಾಬಾಯಿ ಅವನ ಮುಖ ನೋಡಿದಳು. ನಗಲಿಲ್ಲ. "ಆ ಗುರುತಿನವರ ಕಾಲ ನಾ ಒಮ್ಮಿ ನೋಡಬೇಕಲ್ಲ, ಬಂಡೆಪ್ಪ."

"ಯಾರಿಗೂ ಹೇಳಬಾರದ್ರಿ, ವೈನಿ."

"ನಾ ಹೇಳಂಗಿಲ್ಲ. ಹೇಳಾಂವ ನೀನೇ, ನಿನ್ನ ಹೆಂಡ್ತಿ ಮುಂದ. ಮೊದಲ ಇಲ್ಲಿ ಕುಂದ್ರು."

ಬಂಡೆಪ್ಪ ಓಣಿಯ ಎರಡೂ ಕಡೆ ನೋಡಿದ. ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತು, ಚಪ್ಪಲಿಯಿಂದ ಬಲಗಾಲು ಬಿಡಿಸಿ, ಮೆಲ್ಲಗೆ ಮುಂದೆ ಚಾಚಿದ. ಶಾರದಾಬಾಯಿ ಒಳಗಿನಿಂದ ಕಲ್ಲಣ್ಣನನ್ನು ಕರೆದು ಬ್ಯಾಟರಿ ತರಲು ಹೇಳಿದಳು.